ವಿಮಾನ ಹತ್ತದ ಕೊಬ್ಬರಿ ಮೂಟೆ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವನು ನಾನು. ಈಗಲೂ ಹಾಗೆಯೇ. ಆದ್ದರಿಂದ ಇದನ್ನು ಬರೆಯಲು ಕುಳಿತಿರುವ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ. ನಂಬಿ ಎಂದು ನಿಮ್ಮನ್ನೇನೂ ಕೇಳುತ್ತಿಲ್ಲ. ನಂಬದಿದ್ದರೆ ಬಿಡಿ. ನಮ್ಮ ಮನೆಯವರೇ ನಂಬಲಿಲ್ಲ, ನೀವು ನಂಬಿ ನನಗೇನಾಗಬೇಕು?

ನಾನು ನಂಬದಿದ್ದದ್ದು ಇನ್ನೊಂದೂ ಇತ್ತು. ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಒಂದು ವಿಮಾನ ಕಂಪನಿಯ ಸಾಮಾನು ವಿಭಾಗದಲ್ಲಿ ಕೆಲಸಕ್ಕಿದ್ದೆ. ವಿಮಾನದ ಹೊಟ್ಟೆಗೆ ಹೋಗುವ ಪ್ರತಿ ಪೆಟ್ಟಿಗೆ, ಪ್ರತಿ ಮೂಟೆಯ ತೂಕ ನೋಡಿ, ಒಳಗೇನಿದೆ ಎಂದು ಕೇಳಿ, ಚೀಟಿ ಕಟ್ಟಿ ಒಳಗೆ ಬಿಡುವುದು ನಮ್ಮ ಕೆಲಸ. ಏನೇನು ಒಯ್ಯಬಾರದು ಎಂಬುದಕ್ಕೆ ದಪ್ಪನೆಯ ಪುಸ್ತಕವೊಂದಿತ್ತು. ಪೆಟ್ರೋಲು, ಪಟಾಕಿ, ಆಸಿಡ್ಡು, ಸೀಮೆಎಣ್ಣೆ ಸ್ಟವ್ವು, ಇವೆಲ್ಲ ಸರಿ. ಅದೇ ಪಟ್ಟಿಯಲ್ಲಿ ಕೊಬ್ಬರಿಯೂ ಇತ್ತು. ತರಬೇತಿಯಲ್ಲಿ ಅದನ್ನು ಓದಿದ ದಿನ ನಾನು ಜೋರಾಗಿ ನಕ್ಕು ಬೈಸಿಕೊಂಡೆ.

ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ತೇವ ಸೇರಿ ಗಾಳಿಯಾಡದ ಹಾಗೆ ಒತ್ತಿಟ್ಟರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಹಾರುವ ವಿಮಾನದ ಹೊಟ್ಟೆಯಲ್ಲಿ ಹೊತ್ತಿಕೊಂಡರೆ ಯಾರೂ ಇಳಿದು ಹೋಗಿ ಆರಿಸಲಾರರು ಎಂದು ಪಾಠ ಹೇಳುವವರು ವಿವರಿಸಿದರು. ನಾನು ಗುಬ್ಬಿಯವನು, ಕೊಬ್ಬರಿ ಮಂಡಿಯ ಮನೆಯಲ್ಲಿ ಬೆಳೆದವನು. ವರ್ಷಪೂರ್ತಿ ತಲೆಯ ಮೇಲಿನ ಅಟ್ಟದಲ್ಲಿ ರಾಶಿ ರಾಶಿ ಕಾಯಿ ಒಣಗುತ್ತಿರುವಾಗ ಅದರ ಕೆಳಗೆ ಗೊರಕೆ ಹೊಡೆದವನು. ಈ ನಿಯಮ ಬರೆದ ಪುಣ್ಯಾತ್ಮ ಕೊಬ್ಬರಿಯ ಮುಖವನ್ನೇ ನೋಡಿಲ್ಲ ಎಂದುಕೊಂಡೆ. ಸಂಬಳ ಕೊಡುವವರು ಹೇಳಿದ್ದಾರೆಂದು ಪಾಲಿಸುತ್ತಿದ್ದೆ. ಪಾಲಿಸುತ್ತಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಕಡೆಯ ಗುರುತಿನವರು ಬಂದಾಗ ಒಂದೆರಡು ಸಲ ನೋಡಿಯೂ ನೋಡದ ಹಾಗೆ ಬಿಟ್ಟಿದ್ದೇನೆ.

ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದರು. ಸಾಕಿದವರು ದೊಡ್ಡಪ್ಪ. ಮಂಡಿ ಅವರದು, ಮನೆ ಅವರದು, ಮಾತೂ ಅವರದೇ. ಸಾಕಿದರು ಎಂಬುದನ್ನು ಮರೆಯಲು ಅವರು ನನಗೆ ಒಂದು ದಿನವೂ ಬಿಡಲಿಲ್ಲ. ಮನೆಗೆ ಯಾರು ಬರಲಿ, "ನಮ್ ತಮ್ಮನ ಮಗ, ನಾವೇ ಸಾಕಿದ್ದು" ಎಂದೇ ಪರಿಚಯ. ಅವರ ಮಗಳು ಗಿರಿಜಾ ಮಾತ್ರ ನನ್ನನ್ನು ಒಡಹುಟ್ಟಿದ ಅಣ್ಣ ಎಂದೇ ತಿಳಿದಿದ್ದಳು. ಆ ಮನೆಯಲ್ಲಿ ನನಗೂ ಅವಳೊಬ್ಬಳೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಕಳೆದುಕೊಂಡದ್ದು ಅವಳನ್ನೇ.

ಗಿರಿಜಾಳ ಮದುವೆ ಯಡಿಯೂರಿನಲ್ಲಿ ಆಯಿತು. ಗಂಡ ದೆಹಲಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ. ಅವನು ಮೊದಲು ಹೋಗಿ, ಮನೆ ಹಿಡಿದು, ಹೆಂಡತಿಗೂ ಮಾವನಿಗೂ ವಿಮಾನದ ಟಿಕೆಟ್ಟನ್ನೇ ಕಳಿಸಿದ. ನಮ್ಮ ಬೀದಿಯಲ್ಲಿ ಅದುವರೆಗೆ ವಿಮಾನ ಹತ್ತಿದವರು ಯಾರೂ ಇರಲಿಲ್ಲ. ದೊಡ್ಡಪ್ಪ ಆ ಟಿಕೆಟ್ಟನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದರಂತೆ. ಅವಳನ್ನು ಕಳಿಸಿಕೊಡಲು ನಾನು ಮೂರು ದಿನ ರಜ ಹಾಕಿ ಗುಬ್ಬಿಗೆ ಬಂದೆ. ಕೆಟ್ಟ ಬೇಸಿಗೆ.

ಗಂಡನ ಮನೆಗೆ ಹೋಗುವ ಹೆಣ್ಣಿಗೆ ಮಡಿಲಕ್ಕಿ ಕಟ್ಟುವಾಗ ಅಕ್ಕಿ, ಬೆಲ್ಲ, ಎಲೆ ಅಡಿಕೆಯ ಜೊತೆ ಒಂದು ಬಟ್ಟಲು ಕೊಬ್ಬರಿ ಇಡುತ್ತಾರೆ. ಎಲ್ಲರಿಗೂ ಒಂದು ಬಟ್ಟಲು ಸಾಕು, ಮಂಡಿಯವರ ಮಗಳಿಗೆ ಸಾಕೇ? ಆರಿಸಿದ ಉಂಡೆ ಕೊಬ್ಬರಿಯ ಒಂದು ಮೂಟೆ ಕಟ್ಟಿ, ದಬ್ಬಳದಲ್ಲಿ ಬಾಯಿ ಹೊಲಿದು, ಅರಿಶಿನ ಕುಂಕುಮ ಹಚ್ಚಿ ನಡುಮನೆಯ ಕಂಬಕ್ಕೆ ಒರಗಿಸಿದ್ದರು. ನಾನು ಬಂದ ಕೂಡಲೇ ಅದು ಕಣ್ಣಿಗೆ ಬಿತ್ತು. ಯಾರಾದರೂ ಕೇಳುವವರೆಗೆ ಬಾಯಿ ಬಿಡುವುದು ಬೇಡ ಎಂದು ಸುಮ್ಮನಿದ್ದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ದೊಡ್ಡಪ್ಪನೇ ಕೇಳಿದರು.

"ನಾಳೆ ನಿಮ್ಮೋರಿಗೆ ಒಂದ್ ಮಾತು ಹೇಳ್ಬುಡು. ಬಟ್ಟೆ ಅಂತ ಬರ್ಕಂಡ್ರೆ ಆಯ್ತು."

"ವಿಮಾನಕ್ಕೆ ಕೊಬ್ಬರಿ ಹಾಕಂಗಿಲ್ಲ ದೊಡ್ಡಪ್ಪ. ರೈಲಲ್ಲಿ ನಾನೇ ಕಳಿಸ್ಕೊಡ್ತೀನಿ."

"ಯಾಕ್ ಹಾಕಂಗಿಲ್ಲ?"

"ಬೆಂಕಿ ಹತ್ಕೊಳ್ಳುತ್ತೆ ಅಂತ."

ದೊಡ್ಡಪ್ಪ ತುತ್ತು ಕೆಳಗಿಟ್ಟು ನಕ್ಕರು. ಅಂಗಳದಲ್ಲಿ ಕುಳಿತಿದ್ದ ಹಮಾಲಿ ರಂಗಪ್ಪನೂ ನಕ್ಕ. ಅವನು ನಕ್ಕದ್ದು ನನಗೆ ಹೆಚ್ಚು ಉರಿಯಿತು.

"ಲೋ, ನಾನು ಹುಟ್ಟಿದ್ದು ಈ ಅಟ್ಟದ ಕೆಳಗೆ, ನಿಮ್ಮಪ್ಪ ಹುಟ್ಟಿದ್ದು ಈ ಅಟ್ಟದ ಕೆಳಗೆ. ಒಂದ್ ಕಿಡಿ ಬಿದ್ದಿದ್ದು ನೋಡಿದೀಯೇನ್ಲಾ? ಕೊಬ್ಬರಿ ತಿಂದು ಬೆಳ್ದೋನು ಕೊಬ್ಬರಿಗೇ ಹೆಸರಿಡ್ತೀಯ?"

ತರಬೇತಿಯಲ್ಲಿ ನಾನು ಆಡಿದ್ದೂ ಹೆಚ್ಚುಕಡಿಮೆ ಇದೇ ಮಾತು. ಅವರ ಜೊತೆ ನಕ್ಕು, ನೋಡೋಣ ಬಿಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ದೊಡ್ಡಪ್ಪನಿಗೆ ಆಗುವುದಿಲ್ಲ ಎಂದು ಹೇಳುವ ಅವಕಾಶ ನನಗೆ ಸಿಕ್ಕಿದ್ದು ಅದೇ ಮೊದಲು. ಹೇಳುವುದರಲ್ಲಿ ಒಂದು ರುಚಿ ಇತ್ತು, ಸುಳ್ಳೇಕೆ ಹೇಳಲಿ?

"ಮನೆ ಹೊತ್ಕೊಂಡ್ರೆ ಆಚೆ ಓಡಬಹುದು. ವಿಮಾನದಿಂದ ಎಲ್ಲಿಗೆ ಓಡ್ತೀರ?"

"ಸಾಕಿದ್ದಕ್ಕೆ ಒಳ್ಳೇ ಗುಣ ತೋರಿಸ್ದೆ ಬುಡು."

"ಸಾಕಿದ್ದು ಸಾಕಿದ್ದು ಅಂತ ಇನ್ನೆಷ್ಟು ವರ್ಷ ಹೇಳ್ತೀರ?" ಎಂದು ನಾನು ಎಲೆಯ ಮುಂದಿನಿಂದ ಎದ್ದೆ. ದೊಡ್ಡಮ್ಮ, "ಉಣ್ಣೋ ಎಲೆ ಬಿಟ್ಟು ಏಳ್ಬೇಡ ಕಣಪ್ಪ" ಎಂದು ಕೂಗಿಕೊಂಡರು. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಣ್ಣ, ಒಂದ್ ಮೂಟೆ ತಾನೆ" ಎಂದಳು. ನಾನು ಅವಳ ಕಡೆ ತಿರುಗಲಿಲ್ಲ.

ಕೈ ತೊಳೆದು ಬಂದವನೇ ನೇರವಾಗಿ ಮೂಟೆಯ ಹತ್ತಿರ ಹೋದೆ. ಅದನ್ನು ಎಳೆದು ಮತ್ತೆ ಮಂಡಿಗೆ ಹಾಕಿಬಿಡಬೇಕು ಎಂದಿತ್ತು. ಎಡಗೈಯಲ್ಲಿ ಮೂಟೆಯ ಕಿವಿ ಹಿಡಿದು, ಬಲ ಅಂಗೈಯನ್ನು ಅದರ ಪಕ್ಕಕ್ಕೆ ಒತ್ತಿದೆ. ಕಾದ ಬಾಣಲೆಯ ತಳಕ್ಕೆ ಕೈ ಇಟ್ಟ ಹಾಗಾಯಿತು. ನಾನು ಕಿರುಚಿದ್ದು ಬೀದಿಗೂ ಕೇಳಿಸಿತಂತೆ. ಕಿವಿ ಹಿಡಿದಿದ್ದ ಎಡಗೈಗೆ ಏನೂ ಆಗಿರಲಿಲ್ಲ.

ಎಲ್ಲರೂ ಓಡಿ ಬಂದರು. ಮೂಟೆ ಸುಡುತ್ತಿದೆ, ಆಚೆ ಹಾಕಿ ಎಂದು ನಾನು ಕೂಗುತ್ತಿದ್ದೆ. ದೊಡ್ಡಪ್ಪ ಎರಡೂ ಕೈಗಳನ್ನು ಅದರ ಮೇಲಿಟ್ಟರು. ತೆಗೆಯಲಿಲ್ಲ, ಹಾಗೆಯೇ ಇಟ್ಟುಕೊಂಡು ನನ್ನ ಮುಖ ನೋಡಿದರು. ದೊಡ್ಡಮ್ಮ ಮುಟ್ಟಿದರು, ಗಿರಿಜಾ ಮುಟ್ಟಿದಳು. ರಂಗಪ್ಪ ಹೊಲಿಗೆ ಕಿತ್ತು ಇಡೀ ಮೂಟೆಯನ್ನು ಚಾಪೆಯ ಮೇಲೆ ಸುರಿದ. ಒಣಗಿದ, ಬೆಳ್ಳನೆಯ, ಎಲ್ಲಿಯೂ ಬೂಸಲು ಹಿಡಿಯದ ಕೊಬ್ಬರಿ. ನಾನೂ ಎಡಗೈಯಲ್ಲಿ ಒಂದೊಂದನ್ನೇ ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗಿದ್ದವು. ಅಷ್ಟು ಹೊತ್ತಿಗೆ ನನ್ನ ಬಲ ಅಂಗೈಯಲ್ಲಿ, ಎಲ್ಲರ ಕಣ್ಣೆದುರಿಗೇ, ಬೊಬ್ಬೆ ಎದ್ದವು.

"ನೀರೊಲೆಗೆ ಕೈ ಇಟ್ಕಂಡು ಬಂದವ್ನೆ," ಎಂದರು ದೊಡ್ಡಪ್ಪ. "ನನ್ ಮಗಳು ಬರಿ ಮಡಿಲಲ್ಲಿ ಹೋಗ್ಲಿ ಅಂತ ಇಷ್ಟೆಲ್ಲ ನಾಟಕ."

ನೀರೊಲೆ ಬೆಳಿಗ್ಗೆಯೇ ಆರಿ ಬೂದಿಯಾಗಿತ್ತು. ಹೋಗಿ ನೋಡಿ ಎಂದೆ. ಯಾರೂ ಹೋಗಲಿಲ್ಲ. ಗಿರಿಜಾ ನನ್ನ ಮಣಿಕಟ್ಟು ಹಿಡಿದು, "ನಿಜ ಹೇಳಣ್ಣ, ಏನ್ ಮಾಡ್ಕಂಡೆ?" ಎಂದಳು. ದೊಡ್ಡಪ್ಪ ಅಂದದ್ದು ನನಗೆ ತಾಗಿರಲಿಲ್ಲ, ಅದು ಅಭ್ಯಾಸವಾಗಿತ್ತು. ಅವಳು ಕೇಳಿದ್ದು ತಾಗಿತು. ನನ್ನ ಎದುರಿಗೇ ರಂಗಪ್ಪ ಕೊಬ್ಬರಿಯನ್ನು ತುಂಬಿ ಮತ್ತೆ ಬಾಯಿ ಹೊಲಿದ.

ಗುಬ್ಬಿಯ ಡಾಕ್ಟರು ಕೈ ನೋಡಿ, ಕಾದ ಕಬ್ಬಿಣ ಹಿಡಿದಿರಾ ಎಂದರು. ಕೊಬ್ಬರಿ ಮೂಟೆ ಎಂದೆ. ಒಮ್ಮೆ ನನ್ನ ಮುಖ ನೋಡಿ, ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟಿದರು. ನಾನು ಮನೆಗೆ ವಾಪಸು ಹೋಗಲಿಲ್ಲ. ಹೇಳದೆ ಕೇಳದೆ ಬಸ್ಸು ಹತ್ತಿ ತುಮಕೂರಿಗೆ ಬಂದೆ.

ಈಗ ನಿಜ ಹೇಳುತ್ತೇನೆ. ಬರಿ ನಿಯಮದ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಜಗಳ ಆಡಿದ್ದು ಆಡಿದ್ದೇ, ಮರುದಿನ ಅವರು ಬಟ್ಟೆ ಎಂದು ಹೇಳಿ ಸಾಗಿಸಿಕೊಂಡು ಹೋದರೆ ನನಗೇನು ಎನ್ನುತ್ತಿದ್ದೆ. ಆಗ ಎಲ್ಲ ಸಾಮಾನನ್ನೂ ಬಿಚ್ಚಿ ನೋಡುತ್ತಿರಲಿಲ್ಲ. ಹೇಳಿದ್ದನ್ನು ಬರೆದುಕೊಂಡು ಬಿಡುವುದೇ ಹೆಚ್ಚು. ಆದರೆ ಬ್ಯಾಂಡೇಜಿನೊಳಗೆ ಕೈ ಧಗಧಗ ಎನ್ನುತ್ತಿತ್ತು. ಆ ಮೂಟೆ ವಿಮಾನದ ಹೊಟ್ಟೆಯಲ್ಲಿ, ಅದರ ಮೇಲೆ ಗಿರಿಜಾ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿರುವುದು, ಇದೊಂದೇ ಕಣ್ಣಿಗೆ ಬರುತ್ತಿತ್ತು. ಟೆಲಿಫೋನ್ ಆಫೀಸಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಬರೆಸಿದೆ. ಕಾಯುತ್ತಾ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಲೈನು ಸಿಕ್ಕಿತು. ಮಾತನಾಡಿದ್ದು ನನ್ನ ಪಕ್ಕದ ಮೇಜಿನ ಜೊತೆಗಾರ. ನಾಳೆ ದೆಹಲಿ ವಿಮಾನಕ್ಕೆ ಬಟ್ಟೆ ಎಂದು ಒಂದು ಕೊಬ್ಬರಿ ಮೂಟೆ ಬರುತ್ತದೆ ಎಂದು ದೊಡ್ಡಪ್ಪನ ಹೆಸರನ್ನೂ ಹೇಳಿದೆ.

"ಸಾರ್, ಇವ್ರು ನಿಮ್ಮನೆಯೋರೇ ಅಲ್ವಾ?"

"ಹೌದು. ತೆಗೆಸಿ," ಎಂದು ಫೋನಿಟ್ಟೆ. ನಾನೇ ಹೋಗಿ ಕೌಂಟರಿನ ಮುಂದೆ ನಿಂತು ತಡೆಯುವ ಗಂಡಸುತನ ನನಗಿರಲಿಲ್ಲ.

ಮುಂದಿನದನ್ನು ಅವನೇ ನನಗೆ ಹೇಳಿದ್ದು. ದೊಡ್ಡಪ್ಪ ರೇಷ್ಮೆ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ ಬಂದಿದ್ದರಂತೆ. ಒಳಗೇನಿದೆ ಎಂದು ಕೇಳಿದ್ದಕ್ಕೆ ಬಟ್ಟೆ ಎಂದರಂತೆ. ಸಾಲಿನಲ್ಲಿದ್ದವರೆಲ್ಲರ ಎದುರಿಗೆ ನಮ್ಮ ಕಂಪನಿಯವರು ಮೂಟೆಯ ಹೊಲಿಗೆ ಕತ್ತರಿಸಿ ಒಂದು ಕೊಬ್ಬರಿಯನ್ನು ಎತ್ತಿ ಹಿಡಿದರು. ಯಾರೋ ನಕ್ಕರು. ಮೊದಲೇ ಸುದ್ದಿ ಬಂದಿದ್ದರಿಂದ ಬಿಗಿ ಜಾಸ್ತಿಯಾಗಿ, ಗಿರಿಜಾಳ ಮಡಿಲಕ್ಕಿಯಲ್ಲಿದ್ದ ಒಂದು ಬಟ್ಟಲನ್ನೂ ತೆಗೆಸಿದರು. ಇದೊಂದು ಬಿಟ್ಟುಬಿಡಿ ಎಂದು ಅವಳು ಕೈ ಮುಗಿದಳಂತೆ. ಬಿಡಲಿಲ್ಲ. ಫೋನು ಮಾಡಿದ್ದು ಯಾರೆಂದು ದೊಡ್ಡಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೂಟೆಯನ್ನು ನಮ್ಮ ಗೋಡೌನಿನ ಹೊರಗೆ, ಒಂದು ತಗಡಿನ ಚಪ್ಪರದ ಮೂಲೆಯಲ್ಲಿ ಇಟ್ಟರು. ರಜ ಮುಗಿಸಿ ಬಂದ ನಾನು ದಿನವೂ ಹೋಗಿ ಅದನ್ನು ಎಡಗೈಯಲ್ಲಿ ಮುಟ್ಟುತ್ತಿದ್ದೆ. ಅದು ಹೊತ್ತಿಕೊಳ್ಳಲಿ ಎಂದು ನಾನು ಬಯಸಿದಷ್ಟು ಇನ್ನೇನನ್ನೂ ಬಯಸಿದವನಲ್ಲ. ಒಂದು ಎಳೆ ಹೊಗೆ ಬಂದಿದ್ದರೂ ಸಾಕಿತ್ತು, ಗುಬ್ಬಿಯವರೆಗೆ ಓಡಿಹೋಗಿ ಹೇಳುತ್ತಿದ್ದೆ. ಏನೂ ಆಗಲಿಲ್ಲ. ಕೆಲವು ವಾರ ಕಳೆದು ರಂಗಪ್ಪ ಬಂದು, ನನ್ನ ಜೊತೆ ಒಂದು ಮಾತೂ ಆಡದೆ, ಅದನ್ನು ಲಾರಿಗೆ ಹಾಕಿಕೊಂಡು ಹೋದ.

ದೊಡ್ಡಪ್ಪನ ಪಾಲಿಗೆ ನಾನು ಸತ್ತೆ. ಹಾಗೆಂದು ಅವರೇ ಊರಿಗೆಲ್ಲ ಹೇಳಿದರು. ಕೆಲವು ವರ್ಷದ ಮೇಲೆ ಅವರು ತೀರಿಕೊಂಡಾಗ ಹೋದೆ. ಅವನು ಬಂದರೆ ಒಳಗೆ ಬಿಡಬೇಡಿ ಎಂದಿದ್ದರು ಎಂದು ದೊಡ್ಡಮ್ಮ ಬಾಗಿಲಲ್ಲೇ ತಡೆದರು. ಕೈಯ ವಿಷಯವನ್ನು ತಿಳಿದವರನ್ನು ಕೇಳಿದ್ದೇನೆ. ತುಮಕೂರಿನ ಒಬ್ಬ ಡಾಕ್ಟರು ಚರ್ಮದ ಕಾಯಿಲೆ ಎಂದರು. ಗೋಣಿಗೆ ಸುಟ್ಟ ಸುಣ್ಣ ಮೆತ್ತಿತ್ತೇನೋ, ನಿನ್ನ ಒದ್ದೆ ಕೈ ತಾಗಿತು ಎಂದ ಒಬ್ಬ ಸ್ನೇಹಿತ. ಅದೇ ಗೋಣಿಯನ್ನು ಆಮೇಲೆ ನಾಲ್ಕು ಜನ ಮುಟ್ಟಿದ್ದರಲ್ಲ ಎಂದು ನಾನು ಕೇಳಿದೆ. ಸಿಟ್ಟಿನ ಬಿಸಿ ಎಂದು ನಕ್ಕವನೂ ಒಬ್ಬನಿದ್ದ, ಅವನ ಸಹವಾಸವನ್ನೇ ಬಿಟ್ಟೆ.

ದೊಡ್ಡಪ್ಪ ಹೋದ ಮರುವರ್ಷ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಾ ಸಿಕ್ಕಳು. ಯಡಿಯೂರಿಗೆ ಹೋಗಿ ಬರುತ್ತಿದ್ದಳು, ಕಂಕುಳಲ್ಲಿ ಮಗಳಿದ್ದಳು. ಮುಖ ತಿರುಗಿಸಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಹತ್ತಿರ ಬಂದು, "ಕೈ ತೋರ್ಸು" ಎಂದಳು.

ತೋರಿಸಿದೆ. ಕಲೆಯೂ ಉಳಿದಿರಲಿಲ್ಲ. ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಅವತ್ತು ಕಾರಲ್ಲಿ ಆ ಮೂಟೆ ನನ್ ಕಾಲ್ ಹತ್ರ ಇತ್ತು, ಗುಬ್ಬಿಯಿಂದ ಬೆಂಗಳೂರ್ ತನಕ. ಅಂಥ ಬಿಸ್ಲು, ಅಪ್ಪ ಬೆವರು ಒರೆಸ್ಕೊಂತಾನೇ ಇತ್ತು. ನನ್ ಕಾಲು ಮಾತ್ರ ಐಸಲ್ಲಿ ಇಟ್ಟಂಗೆ. ಆ ಮೂಟೆ ಅಷ್ಟು ತಣ್ಣಗಿತ್ತು. ದೆಹಲಿಗೆ ಹೋಗಿ ಎರಡು ದಿನ ಆದ್ರೂ ಬೆರಳಿನ ಜೋಮು ಬಿಟ್ಟಿರ್ಲಿಲ್ಲ."

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಿನ್ ಮಾತು ನಿಜ, ಅಪ್ಪಂದು ತಪ್ಪು ಅಂತ ಆಗೋದು," ಎಂದಳು. "ಅಪ್ಪ ಸಾಯೋವರ್ಗೂ ಕೇಳ್ತಾ ಇತ್ತು, ಅವ್ನು ಯಾಕಮ್ಮ ನಮಗೆ ಹಂಗ್ ಮಾಡ್ದ ಅಂತ. ಆಗ್ಲೂ ನಾನು ಬಾಯಿ ಬಿಡ್ಲಿಲ್ಲ."

ಅವಳ ಬಸ್ಸು ಬಂತು. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹತ್ತಿದಳು, ಬರ್ತೀನಿ ಎಂದೂ ಹೇಳಲಿಲ್ಲ. ಒಂದೇ ಮೂಟೆ ನನ್ನನ್ನು ಸುಟ್ಟು ಅವಳನ್ನು ಏಕೆ ಕೊರೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಅಷ್ಟು ವರ್ಷ ಅದನ್ನು ಏಕೆ ಹೇಳಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಅವಳ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ.