ಖಾಲಿ ಕೊಡಬಾರದ ಬೋಗುಣಿ

ನಾನು ಚಿಕ್ಕವಳಿದ್ದಾಗ ಮಕ್ಕಾದ ಹೊರಗಿನ ಒಂದು ಸಂತೆಯಲ್ಲಿ ಬರ್ಮಾದ ಶ್ಯಾವಿಗೆ ತಿಂದಿದ್ದೆ. ಅದರ ರುಚಿ ಈಗಲೂ ನಾಲಿಗೆಯ ಮೇಲಿದೆ. ಆ ದಿನದ ಉಳಿದ ಸಂಗತಿಗಳನ್ನು ಅಷ್ಟು ಧೈರ್ಯದಿಂದ ಹೇಳಲಾರೆ. ಕಾಲೇಜಿನಲ್ಲಿ ಇತಿಹಾಸ ಓದಿದವಳು ನಾನು. ಒಬ್ಬಳೇ ಸಾಕ್ಷಿಯ ಮಾತನ್ನು, ಅದೂ ಇನ್ನೂ ಶಾಲೆಗೆ ಸೇರದ ಮಗುವಿನ ಮಾತನ್ನು, ಎಷ್ಟು ನಂಬಬಹುದು ಎಂಬುದು ಗೊತ್ತು. ಅಕ್ಕನ ಲಂಗ ಹಸಿರಾಗಿತ್ತು ಎಂದು ನನ್ನ ನೆನಪು. ನೀಲಿ ಎಂದು ಅಮ್ಮ ಹೇಳುತ್ತಿದ್ದರು. ಮನೆಯಲ್ಲಿ ನಾವು ಆಡುತ್ತಿದ್ದುದು ಬ್ಯಾರಿ ಭಾಷೆ. ಆ ಮಾತುಗಳು ಕನ್ನಡಕ್ಕೆ ಬರುವಾಗ ಇನ್ನಷ್ಟು ಬದಲಾಗಿರಬಹುದು. ಮಕ್ಕಳೇ, ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅಪ್ಪ ಹಜ್ಜಿಗೆ ಬಂದವರು ಇಳಿದುಕೊಳ್ಳುವ ಒಂದು ಮುಸಾಫಿರಖಾನೆಯಲ್ಲಿ ಅಡುಗೆಯವರಾಗಿದ್ದರು. ಚಿಕ್ಕಪ್ಪ ತಮ್ಮ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಅರಬ್ ಧಣಿಯ, ಪಿಕಪ್ ಓಡಿಸುತ್ತಿದ್ದರು. ಅಮ್ಮ ಹಸುಗೂಸು ತಮ್ಮನೊಡನೆ ಮನೆಯಲ್ಲೇ ಉಳಿದಿದ್ದರಿಂದ ಸಂತೆಗೆ ಹೋದದ್ದು ನಾವು ನಾಲ್ವರು. ಹಿಂದಿನ ತೊಟ್ಟಿಯಲ್ಲಿ ಅಕ್ಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿ ಗಾಳಿಗೆ ಕಣ್ಣು ಉರಿಯದಂತೆ ತಾನು ತಲೆಗೆ ಹೊದೆದಿದ್ದ ತಟ್ಟವನ್ನು ನನ್ನ ಮುಖಕ್ಕೆ ಹೊದೆಸಿದ್ದಳು. ಆ ಬಟ್ಟೆಗೆ ಕೊಬ್ಬರಿ ಎಣ್ಣೆಯ ವಾಸನೆ ಇತ್ತು.

ಸಂತೆ ಇದ್ದದ್ದು ಒಂದು ನದಿಯ ದಡದಲ್ಲಿ. ನದಿ ಎಂದರೆ ಅಗಲವಾದ ಮರಳು, ಉರುಟು ಕಲ್ಲು, ಅಲ್ಲಲ್ಲಿ ಮುಳ್ಳಿನ ಗಿಡ. ನೇತ್ರಾವತಿಯ ದಡದಲ್ಲಿ ಹುಟ್ಟಿ ದೋಣಿಯಲ್ಲೇ ಬೆಳೆದಿದ್ದ ಅಪ್ಪ ಅದನ್ನು ನೋಡಿ ನಕ್ಕರು.

“ಇದೆಂತ ನದಿ ಮಾರಾಯ? ಕಾಲು ತೊಳೆಯಲಿಕ್ಕೂ ನೀರಿಲ್ಲ.”

“ಇಲ್ಲಿಯವರಿಗೆ ಇದೇ ನದಿ ಅಣ್ಣ,” ಎಂದರು ಚಿಕ್ಕಪ್ಪ. “ನೀನು ದೋಣಿ ತಂದಿದ್ದರೆ ಆಡುಗಳನ್ನು ಕಟ್ಟಿ ಎಳೆಸಬಹುದಿತ್ತು.”

ದಡದ ಮೇಲೆ ಖರ್ಜೂರ, ತುಪ್ಪ, ಆಡು, ಈಚಲು ಚಾಪೆ ಮಾರುವವರಿದ್ದರು. ಶ್ಯಾವಿಗೆ ಮಾರುವ ಬರ್ಮಾದ ಹೆಂಗಸೊಬ್ಬಳು ಮಾತ್ರ ಗಾಳಿ ಬೀಸದಿರಲೆಂದು ಕೆಳಗೆ ಮರಳಿನಲ್ಲಿ ಒಲೆ ಹೂಡಿದ್ದಳು. ಅರಕಾನಿನಿಂದ ಹಜ್ಜಿಗೆ ಬಂದು ಮಕ್ಕಾದಲ್ಲೇ ಉಳಿದ ಕುಟುಂಬದವಳು; ಮುರುಕು ಉರ್ದು ಆಡುತ್ತಿದ್ದಳು. ಅಕ್ಕಿಯ ಬಿಳಿ ಶ್ಯಾವಿಗೆಯನ್ನು ಬೋಗುಣಿಗೆ ಹಾಕಿ, ಮೀನಿನ ತಿಳಿಸಾರು ಹೊಯ್ದು, ಹಸಿಮೆಣಸು ಅರೆದದ್ದನ್ನು ಮೇಲಿಟ್ಟಳು. ಕಾಳುಮೆಣಸಿನ ಘಾಟಿಗೆ ನನ್ನ ಮೂಗಿನಲ್ಲಿ ನೀರು ಬಂತು. ಸಾರು ಹುಳಿಯಾಗಿ, ಖಾರವಾಗಿ, ಕೊನೆಯಲ್ಲಿ ಸಮುದ್ರದ ಹಾಗಿತ್ತು.

ಅಕ್ಕ ಒಂದು ತುತ್ತು ನುಂಗಿ ಕಣ್ಣರಳಿಸಿದಳು. “ಇದು ನಮ್ಮ ಸೇಮಿಗೆಯೇ! ತೆಂಗಿನಹಾಲು ಹಾಕಲಿಕ್ಕೆ ಮರೆತಿದ್ದಾರೆ, ಅಷ್ಟೆ.”

“ಹೇಳು ಅವಳಿಗೆ. ಸೌಟಿನಲ್ಲಿ ಬಾರಿಸುತ್ತಾಳೆ,” ಎಂದರು ಅಪ್ಪ.

ಪಿಕಪ್ ಕಾಯುತ್ತಾ ದಡದ ಮೇಲೆ ನಿಂತಿದ್ದ ಚಿಕ್ಕಪ್ಪನಿಗೂ ಒಂದು ಬೋಗುಣಿ ತುಂಬಿಸಿಕೊಂಡು ನಾವು ಮೇಲೆ ಹತ್ತಿದೆವು. ಬಿಳಿ ಎನಾಮಲ್ ಬೋಗುಣಿ, ನೀಲಿ ಅಂಚು. ತಿಂದಾದ ಮೇಲೆ ಅದನ್ನು ಹಿಂದಿರುಗಿಸಬೇಕಿತ್ತು. ನಮ್ಮಲ್ಲಿ ಯಾರದೇ ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿಯಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಅಕ್ಕ ಬೋಗುಣಿ ತೊಳೆದು ಅದಕ್ಕೆ ಖರ್ಜೂರ ತುಂಬಿದಳು.

ಅಷ್ಟರಲ್ಲಿ ಆಡು ಮಾರುವ ಮುದುಕನೊಬ್ಬ ಕೈಬೀಸಿ ಕೂಗತೊಡಗಿದ. ಮರಳಿನಲ್ಲಿದ್ದವರು ಅವಸರದಿಂದ ಮೇಲೆ ಹತ್ತುತ್ತಿದ್ದರು. ಬರ್ಮಾದ ಹೆಂಗಸೂ ಪಾತ್ರೆಗಳನ್ನು ತಲೆಯ ಮೇಲಿಟ್ಟುಕೊಂಡು ಆಚೆಯ ದಡದತ್ತ ನಡೆದಳು. ಅಪ್ಪ ಕೈ ಅಡ್ಡ ಹಿಡಿದು ಆಕಾಶ ನೋಡಿದರು. ನೆತ್ತಿಯ ಮೇಲೆ ಒಂದು ತುಣುಕೂ ಮೋಡವಿರಲಿಲ್ಲ. ದೂರದ ಬೆಟ್ಟಗಳ ಹಿಂದೆ ಮಾತ್ರ ಕಪ್ಪು ಗೆರೆ.

“ಮಳೆಯೇ ಇಲ್ಲ. ಎಂತ ಗಡಿಬಿಡಿ ಇವರಿಗೆ?” ಎಂದರು.

ಅಪ್ಪನಿಗೆ ನದಿ ಗೊತ್ತಿತ್ತು, ನಮ್ಮೂರಿನ ನದಿ. ಅಲ್ಲಿ ಮೊದಲು ಮಳೆ ಬರುತ್ತದೆ, ನೀರು ಕೆಂಪಾಗುತ್ತದೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೋಳಿಗಳನ್ನು ಅಟ್ಟಕ್ಕೆ ಹತ್ತಿಸುವಷ್ಟು ಸಮಯ ಕೊಡುತ್ತದೆ. ಈ ಮರಳಿಗೆ ಎಲ್ಲೋ ಸುರಿದ ಮಳೆ ಬಿಸಿಲಿನಲ್ಲೇ ನುಗ್ಗಿ ಬರುತ್ತದೆ ಎಂದು ಅವರಿಗೆ ಹೇಳಿದವರಿರಲಿಲ್ಲ. ಅಥವಾ ಹೇಳಿದ್ದರೋ ಏನೋ.

ಅಕ್ಕ ಬೋಗುಣಿ ಹಿಡಿದು ಇಳಿದಳು. ಹೆಂಗಸನ್ನು ಹಿಡಿಯಲು ಓಡಿದಳು. ಮೊದಲು ಜಲ್ಲಿ ಸುರಿಯುವ ಲಾರಿಯ ಹಾಗೆ ಸದ್ದು ಬಂತು. ಆಮೇಲೆ ಕಂದು ಬಣ್ಣದ ಗೋಡೆಯೊಂದು, ಅದರ ಮುಂದೆ ಉರುಳುವ ಗಿಡಗಳು, ನೊರೆ. ಹೆಂಗಸು ಆಚೆ ದಡ ಹತ್ತಿದ್ದಳು. ನಾವು ಈಚೆ ದಡದಲ್ಲಿದ್ದೆವು. ಅಕ್ಕ ನಡುವೆ ಇದ್ದಳು. ಅಪ್ಪ ನೀರಿಗೆ ಹಾರಲು ಹೋದದ್ದು, ನಾಲ್ಕೈದು ಜನ ಅವರನ್ನು ಅವುಚಿ ಹಿಡಿದದ್ದು ನೆನಪಿದೆ. ಸಂಜೆಗೆ ನೀರು ಇಳಿಯಿತು. ಅಕ್ಕ ಸಿಕ್ಕಿದಳು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಕೆಲವು ದಿನಗಳ ಮೇಲೆ ಆ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಅದೇ ಶ್ಯಾವಿಗೆ, ಬೇರೆ ಬೋಗುಣಿ. ಯಾರೂ ತಿನ್ನಲಿಲ್ಲ. ಅಮ್ಮ ಅದನ್ನು ಬೇರೆ ಪಾತ್ರೆಗೆ ಸುರಿದು, ಬೋಗುಣಿ ತೊಳೆದು, ಸಕ್ಕರೆ ತುಂಬಿ ಕೊಟ್ಟರು. ಆಕೆ ಹೊಸ್ತಿಲಲ್ಲೇ ಕುಳಿತು ಅತ್ತಳು. ಅಪ್ಪ ಆಮೇಲೆ ಮಳೆಗೆ ಎಂದೂ ಹೆದರಲಿಲ್ಲ. ಆಕಾಶ ತಿಳಿಯಾಗಿದ್ದ ದಿನ ನಮ್ಮನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ.

ನೀವು ಇದೇ ಮಕ್ಕಾದಲ್ಲಿ ಬೆಳೆಯುತ್ತಿದ್ದೀರಿ. ಬೆಟ್ಟದ ಆಚೆ ಮೋಡ ಕಟ್ಟಿದರೆ ನಿಮ್ಮ ಫೋನು ಮೊದಲೇ ಕಿರುಚುತ್ತದೆ, ಶಾಲೆಗೆ ರಜೆ ಎಂದು ನೀವು ಕುಣಿಯುತ್ತೀರಿ. ಊಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಗಿಲಿಗೆ ಬರುತ್ತದೆ. ಡಬ್ಬಿಯನ್ನು ಯಾರಿಗೂ ಹಿಂದಿರುಗಿಸಬೇಕಿಲ್ಲ. ಮೊನ್ನೆ ನಾನು ಅಂಥದ್ದೊಂದನ್ನು ತೊಳೆದಿಡುವಾಗ, “ಬಿಸಾಡಿ ಅಜ್ಜಿ, ಅದು ಎಂತಕ್ಕೆ?” ಎಂದು ನಕ್ಕಿರಿ. ಬಿಸಾಡಿದೆ. ನನಗೆ ಸಮಾಧಾನವೇ ಆಯಿತು.

ಆದರೆ ಒಂದು ಧ್ವನಿ ಕಿವಿಯಲ್ಲಿ ಉಳಿದಿದೆ: “ಬೋಗುಣಿ ಕೊಟ್ಟು ಬಾ, ಖಾಲಿ ಕೊಡಬೇಡ.” ಒಮ್ಮೆ ಅದು ಅಪ್ಪನದು ಅನಿಸುತ್ತದೆ, ಒಮ್ಮೆ ಚಿಕ್ಕಪ್ಪನದು. ಯಾರೂ ಹೇಳಬೇಕಿರಲಿಲ್ಲ, ಅವಳು ಹಾಗೆಯೇ ಇದ್ದಳು ಎನ್ನುತ್ತಿದ್ದರು ಅಮ್ಮ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಕಳೆದ ಶುಕ್ರವಾರ ಉಳ್ಳಾಲದಲ್ಲಿರುವ ಚಿಕ್ಕಪ್ಪ ವಿಡಿಯೋ ಕಾಲ್ ಮಾಡಿದ್ದರು. ನಿಮ್ಮ ಪರೀಕ್ಷೆ ಹೇಗಾಯಿತು ಎಂದು ವಿಚಾರಿಸಿದರು, ತಮ್ಮ ಮಂಡಿನೋವಿನ ಬಗ್ಗೆ ಹೇಳಿದರು. ನಾನು ಕೇಳಿಯೇಬಿಟ್ಟೆ. ಅವರು ಫೋನನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಪರದೆಯ ತುಂಬ ತಿರುಗುವ ಫ್ಯಾನು ಮಾತ್ರ ಕಾಣುತ್ತಿತ್ತು. ನಾನು ಕಾದೆ, ಈಗಲೂ ಕಾಯುತ್ತಿದ್ದೇನೆ.

“ಚಿಕ್ಕಪ್ಪ, ಅಕ್ಕನಿಗೆ ಹೋಗು ಅಂತ ಹೇಳಿದ್ದು ಯಾರು?”