ಟಕ್ ಮಾಮ

ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕುವ ನಮಗೆಲ್ಲ ಅವರು ಟಕ್ ಮಾಮ. ಬೆಳಗ್ಗೆಯೇ ಸಂಜೆಯ ಮುಖ ಹೊತ್ತು ಬರುವ ಮನುಷ್ಯ. ನಾವು ವಿಮಾನ ಹತ್ತುವ ಮುನ್ನ ಒಬ್ಬೊಬ್ಬರ ಹೆಲ್ಮೆಟ್ಟಿನ ಗಾಜನ್ನೂ ಕೆಳಗೆಳೆದು, ಎರಡೂ ಕೆನ್ನೆಯ ಬಳಿ ಹೆಬ್ಬೆರಳಿನಿಂದ ಒತ್ತಿ, "ಟಕ್ ಅಂತಾ? ಎರಡೂ ಕಡೆ ಕೇಳಿಸ್ತಾ?" ಎನ್ನುತ್ತಾರೆ. ಒಂದೇ ಬದಿ ಕಚ್ಚಿಕೊಂಡರೆ ಬೀಳುವಾಗ ಗಾಳಿ ಗಾಜನ್ನು ಎತ್ತಿಬಿಡುತ್ತದೆ. ಕಣ್ಣಲ್ಲಿ ನೀರು ತುಂಬಿ, ಎತ್ತರ ತೋರಿಸುವ ಕೈಮೀಟರು ಕಾಣುವುದಿಲ್ಲ. ಇದನ್ನು ದಿನಕ್ಕೆ ನಲವತ್ತು ಸಲ ಆಕಳಿಸುತ್ತಲೇ ಹೇಳುತ್ತಾರೆ. ಊಟದ ಡಬ್ಬಿಯ ಮುಚ್ಚಳ, ಕಾರಿನ ಬಾಗಿಲು, ಕೊನೆಗೆ ಪೆನ್ನಿನ ಕ್ಯಾಪನ್ನೂ ಎರಡೆರಡು ಸಲ ಒತ್ತದೆ ಬಿಡುವವರಲ್ಲ. "ಸಾಕಾಯ್ತು ಮಾಮ, ನಿಮಗೇ ಕೇಳಿಸಲ್ವಾ?" ಎಂದು ನಾನೊಮ್ಮೆ ರೇಗಿದೆ. ಅವರು ಮತ್ತೊಮ್ಮೆ ಒತ್ತಿದರು. ಅಂದು ಮಧ್ಯಾಹ್ನ ಊಟ ತಂದ ಅವರ ಹೆಂಡತಿ ಹಿಂದಿನಿಂದ ಮೂರು ಸಲ ಕೂಗಿದರೂ ಮಾಮ ತಿರುಗಲಿಲ್ಲ. "ಎಂಜಿನ್ ಪಕ್ಕ ನಿಂತೂ ನಿಂತೂ ಇವರ ಕಿವಿ ಹೋಗಿದೆಯಪ್ಪಾ," ಎಂದರು ಆಕೆ ನನ್ನತ್ತ ತಿರುಗಿ, "ಅದಕ್ಕೇ ನಿಮ್ಮನ್ನ ಕೇಳೋದು." ಅಲ್ಲಿಯವರೆಗೆ ಕೇಳಿಸಿಕೊಳ್ಳದೆಯೇ ಹೂಂ ಎಂದು ತಲೆಯಾಡಿಸುತ್ತಿದ್ದ ನಾನು ಮರುದಿನ ಮೊದಲ ಸಲ ಕಿವಿಗೊಟ್ಟು ನಿಂತೆ. ಎಡಬದಿ ಟಕ್ಕೆನ್ನಲೇ ಇಲ್ಲ.