ಒಂದೇ ಕಣ್ಣು, ಮೂರು ಪ್ರೆಶರ್

ಗಾಳಿ ಬಡಿದ ಕೂಡಲೇ ಬೆಚ್ಚಿ ಹಿಂದೆ ಸರಿದೆ.

ರಾಯಬಾಗದ ಚಸ್ಮಾ ಅಂಗಡಿಗೆ ಹೋಗಿದ್ದೆ. ಅಲಖನೂರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವಾಗ ಅಕ್ಷರ ಮಸುಕಾಗುತ್ತಿದ್ದವು, ಅಷ್ಟೇ. ಮಷೀನು ಕಣ್ಣಿಗೆ ಪುಸ್ ಎಂದು ಗಾಳಿ ಊದಿತು. ಅಂಗಡಿಯಾಕೆ ಇನ್ನೊಮ್ಮೆ ಊದಿಸಿ ನೋಡಿದಳು.

"ಎಡಗಣ್ಣಿನ ಪ್ರೆಶರ್ ಇಪ್ಪತ್ತಾರು ಐತ್ರಿ. ಇಪ್ಪತ್ತೊಂದರ ಒಳಗ ಇರಬೇಕು. ಡಾಕ್ಟರಿಗೆ ತೋರಸ್ರಿ."

ಸದಲಗಾದಲ್ಲಿರುವ ನನ್ನ ಅಕ್ಕ ಶಾಂತಕ್ಕನ ಬಲಗಣ್ಣು ಹೋದದ್ದು ಇದರಿಂದಲೇ. ಗ್ಲಾಕೋಮಾ. ನಮ್ಮ ಕಡೆ ಕಾಚಬಿಂದು ಅನ್ನುತ್ತಾರೆ. ನೋವಿರಲಿಲ್ಲ, ಕೆಂಪಾಗಲಿಲ್ಲ, ಸುಮ್ಮನೆ ಹೋಯಿತು.

ಚಿಕ್ಕೋಡಿಯ ಡಾಕ್ಟರು ಮರಗಟ್ಟಿಸುವ ಹನಿ ಹಾಕಿದರು. ನೀಲಿ ಬೆಳಕಿನ ಪುಟ್ಟ ತುದಿಯೊಂದನ್ನು ಕಣ್ಣಿಗೇ ತಾಗಿಸಿದರು.

"ಹದಿನೇಳು. ನಾರ್ಮಲ್."

ಗಾಳಿಗೆ ಹೆದರಿ ರೆಪ್ಪೆ ಬಿಗಿ ಹಿಡಿದರೆ ಹೆಚ್ಚು ತೋರಿಸುತ್ತದಂತೆ. ಆದರೂ, ಅಕ್ಕನಿಗೆ ಹೀಗಾಗಿದೆ ಎಂದಾಗ, ನಿಪ್ಪಾಣಿಯಲ್ಲಿ ಕಣ್ಣಿನ ನರದ ಸ್ಕ್ಯಾನ್ ಮಾಡಿಸಲು ಹೇಳಿ ಚೀಟಿ ಬರೆದುಕೊಟ್ಟರು. ಹದಿನೇಳರ ಖುಷಿಯಲ್ಲಿ ಅದು ನನ್ನ ಕಿವಿಗೇ ಬೀಳಲಿಲ್ಲ. ಪೇಢೆ ತಗೊಂಡು ನೇರ ಅಕ್ಕನ ಮನೆಗೆ ಹೋದೆ. ಅವಳು ಪೇಢೆ ಮುಟ್ಟಲಿಲ್ಲ, ಚೀಟಿ ಇಸಿದುಕೊಂಡು ಓದಿದಳು.

"ನಿಪ್ಪಾಣಿಗೆ ನಡಿ. ನಾನೂ ಬರ್ತೇನಿ."

ನಿಪ್ಪಾಣಿಯಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಮಷೀನು. ಹನಿ ಇಲ್ಲ, ಗಾಳಿ ಇಲ್ಲ, ಕಣ್ಣಿಗೆ ಟಕಟಕ ತಾಗಿದ್ದೂ ತಿಳಿಯಲಿಲ್ಲ.

ಇಪ್ಪತ್ತೆರಡು.

"ಮೂರರಾಗ ಖರೇ ಯಾವುದ್ರಿ?" ಎಂದೆ. ಸಿಟ್ಟು ಬಂದಿತ್ತು. ತಕ್ಕಡಿಯಿಂದ ತಕ್ಕಡಿಗೆ ಇಷ್ಟು ಫರಕು ಬಂದರೆ ಸಂತೆಯಲ್ಲೂ ಯಾರೂ ಒಪ್ಪುವುದಿಲ್ಲ.

ಡಾಕ್ಟರ್ ಮೇಡಂ ನಕ್ಕರು. "ಕಣ್ಣಿನ ಒಳಗ ಹೋಗಿ ಅಳಿಯಾಕ ಬರೂದಿಲ್ಲ. ಹೊರಗಿಂದ ಒತ್ತಿ ಅಂದಾಜು ಮಾಡ್ತೇವ್ರಿ. ನಿಮ್ಮ ಕಾರ್ನಿಯಾ, ಕಣ್ಣಿನ ಮುಂದಿನ ಪದರ, ತೆಳ್ಳಗ ಐತಿ. ತೆಳ್ಳಗಿದ್ದರ ಇದ್ದದ್ದಕ್ಕಿಂತ ಕಡಿಮಿ ತೋರಸಬಹುದು. ಅದರಾಗ ಮುಂಜಾನಿಗೊಂದು, ಸಂಜಿಗೊಂದು ಇರ್ತೈತಿ."

"ಅಂದ್ರ ಹದಿನೇಳು ಸುಳ್ಳೇನ್ರಿ?"

"ಸುಳ್ಳಲ್ಲ. ಅದೊಂದನ್ನ ನಂಬಿ ಕೂಡಬಾರದು. ಕಣ್ಣಿನ ನರ ಏನಂತೈತಿ ನೋಡೂಣು."

ಸ್ಕ್ಯಾನಿನಲ್ಲಿ ನರ ಸವೆಯಲು ಶುರುವಾಗಿತ್ತು.

ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತೆ. ಕಾಯಿಲೆಗಿಂತ ಹೆಚ್ಚಾಗಿ ಆ ಅಂಕಿಗಳು ನನ್ನನ್ನು ಅಲ್ಲಾಡಿಸಿದ್ದವು. ಒಂದು ಹೆದರಿಸಿತ್ತು, ಒಂದು ಸಮಾಧಾನ ಹೇಳಿತ್ತು, ಮತ್ತೊಂದು ಎರಡರ ನಡುವೆ ನಿಂತಿತ್ತು. ಯಾವುದನ್ನು ಹಿಡಿದು ಬದುಕಬೇಕು ಎಂದು ಅಕ್ಕನನ್ನೇ ಕೇಳಿದೆ.

ಅಕ್ಕ ಹತ್ತಿರ ಸರಿದು ಕುಳಿತಳು. ಆಮೇಲೆ ಹೇಳಿದಳು.

"ನಿಂದು ಮೂರು ಸಲ ಅಳದಾರ. ನಂದು ಯಾರೂ ಒಮ್ಮೆನೂ ಅಳೀಲಿಲ್ಲ ಬೇ."

ನನ್ನ ಅಳು ನಿಂತಿತು.

ಈಗ ದಿನಾ ಸಂಜೆ ಪ್ರೆಶರ್ ಇಳಿಸುವ ಹನಿ. ಮುಂದಿನ ತಪಾಸಣೆಗಳೆಲ್ಲ ನಿಪ್ಪಾಣಿಯ ಅದೇ ಮಷೀನಿನಲ್ಲೇ ಆಗಲಿ, ಆಗ ಏರಿಳಿತವಾದರೂ ತಿಳಿಯುತ್ತದೆ ಎಂದಿದ್ದಾರೆ ಮೇಡಂ. ಕಣ್ಣಿನ ಖರೇ ಪ್ರೆಶರ್ ಎಷ್ಟೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೋದ ನರ ಮರಳುವುದಿಲ್ಲವೆಂದು ಮಾತ್ರ ಗೊತ್ತು. ಉಳಿದದ್ದು ಉಳಿಯಬಹುದು.

ಮೊದಮೊದಲು ನಾನೇ ಹಾಕಿಕೊಂಡರೆ ಹನಿ ಗುರಿ ತಪ್ಪಿ ಕೆನ್ನೆಗೇ ಬೀಳುತ್ತಿತ್ತು. ಅದಕ್ಕೇ ಅಕ್ಕ ಒಂದು ವಾರ ನಮ್ಮನೆಯಲ್ಲೇ ಉಳಿದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನಗುಳಿದ ಒಂದೇ ಕಣ್ಣನ್ನು ಕಿರಿದು ಮಾಡಿ, ಬಾಟಲಿಯನ್ನು ಹತ್ತಿರ ತರುತ್ತಿದ್ದಳು.

"ಮಿಟಕಸಬ್ಯಾಡ. ನನ್ನ ನೋಡು."

ನೋಡುತ್ತಿದ್ದೆ.